ಪಾಲುದಾರರ ಹೆಸರಿನಲ್ಲಿ ಪ್ರೋಗ್ರಾಂ ಕಳಿಸಿದ ಮೇಲ್: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಕರಾವಳಿಯ ಒಂದು ಪಟ್ಟಣದಲ್ಲಿರುವ ಲೆಕ್ಕಪರಿಶೋಧಕರ ಕಚೇರಿಯಲ್ಲಿ ನಡೆದದ್ದು ಇದು. ಯಾರ ಗುರುತೂ ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ತಾಂತ್ರಿಕ ಸಂಗತಿಗಳನ್ನೂ ಆಯಾ ಹಂತದಲ್ಲಿ ಕೈಗೊಂಡ ತೀರ್ಮಾನಗಳನ್ನೂ ಮಾತ್ರ ಮುಟ್ಟಿಲ್ಲ. ಕಚೇರಿಗೆ ಮೂವರು ಪಾಲುದಾರರು: ಎಲ್ಲರೂ ‘ದೊಡ್ಡ ಸರ್’ ಎನ್ನುವ ಹಿರಿಯರು, ಹದಿನೈದಿಪ್ಪತ್ತು ವರ್ಷದಿಂದ ಜೊತೆಗಿರುವ ಮೇಡಂ, ಇತ್ತೀಚೆಗೆ ಸೇರಿಕೊಂಡ ಕಿರಿಯರೊಬ್ಬರು. ಜೊತೆಗೆ ಐದಾರು ಸಿಬ್ಬಂದಿ, ಆರ್ಟಿಕಲ್‌ಶಿಪ್ (ಸಿಎ ಓದಿನ ಭಾಗವಾದ ತರಬೇತಿ) ಮಾಡುತ್ತಿರುವ ಕೆಲವು ಹುಡುಗ ಹುಡುಗಿಯರು. ಕ್ಲೈಂಟ್‌ಗಳಲ್ಲಿ ಹೆಚ್ಚಿನವರು ಅಡಿಕೆ ವ್ಯಾಪಾರಿಗಳು, ಗೇರುಬೀಜ ಕಾರ್ಖಾನೆಯವರು, ಹಾರ್ಡ್‌ವೇರ್ ಅಂಗಡಿಯವರು.

ಇಂಥ ಕಚೇರಿಯ ತಿಂಗಳು ನಡೆಯುವುದೇ ತಾರೀಕುಗಳ ಮೇಲೆ. 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರ), 20ಕ್ಕೆ 3ಬಿ (ತೆರಿಗೆ ಕಟ್ಟುವ ರಿಟರ್ನ್), ಮೂರು ತಿಂಗಳಿಗೊಮ್ಮೆ ಸಲ್ಲಿಸುವವರಿಗಾದರೆ ಕರ್ನಾಟಕದಲ್ಲಿ 22. 3ಬಿ ತಡವಾದರೆ ದಿನಕ್ಕೆ 50 ರೂಪಾಯಿ ಶುಲ್ಕ, ಕಟ್ಟಬೇಕಾದ ತೆರಿಗೆಯ ಮೇಲೆ ವರ್ಷಕ್ಕೆ ಶೇ. 18ರ ಬಡ್ಡಿ. ಕ್ಲೈಂಟ್ ಬಿಲ್ಲು ಕೊಡದೆ ಯಾವುದೂ ಮುಂದೆ ಹೋಗುವುದಿಲ್ಲ. ಹಾಗಾಗಿ ‘ಬಿಲ್ಲು ಕಳಿಸಿ’ ಎಂದು ನೂರಾರು ಜನರಿಗೆ ನೆನಪಿಸುವುದೇ ಕಚೇರಿಯ ಅರ್ಧ ಕೆಲಸವಾಗಿತ್ತು.

ಕಚೇರಿಯ ಸಾಮಾನ್ಯ ವಿಳಾಸದಿಂದ ಹೋದ ಮೇಲ್‌ಗೆ ಕ್ಲೈಂಟ್‌ಗಳು ಕ್ಯಾರೇ ಅನ್ನುತ್ತಿರಲಿಲ್ಲ. ಅದೇ ಒಕ್ಕಣೆ ದೊಡ್ಡ ಸರ್ ಹೆಸರಿನಲ್ಲಿ ಹೋದರೆ ಸಂಜೆಯೊಳಗೆ ಬಿಲ್ಲು ಬರುತ್ತಿತ್ತು. ಅಷ್ಟು ವರ್ಷದ ವಿಶ್ವಾಸ ಇರುವುದು ಮನುಷ್ಯರ ಮೇಲೆ, ಕಚೇರಿಯ ವಿಳಾಸದ ಮೇಲಲ್ಲ. ಕಂಪ್ಯೂಟರ್ ಗೊತ್ತಿದ್ದ ಸಿಬ್ಬಂದಿಯೊಬ್ಬರು ಎಕ್ಸೆಲ್ ಪಟ್ಟಿ ಓದಿ ಮೇಲ್ ಕಳಿಸುವ ಪೈಥಾನ್ ಪ್ರೋಗ್ರಾಂ ಬರೆದರು. ಆಯಾ ಕ್ಲೈಂಟ್‌ನ ಪಾಲುದಾರರ ಹೆಸರಿನಿಂದಲೇ ಮೇಲ್ ಹೋಗಬೇಕು, ಉತ್ತರ ಅವರಿಗೇ ಬರಬೇಕು, ಕಳಿಸಿದ ಪ್ರತಿ ಅವರ ‘ಸೆಂಟ್’ ಫೋಲ್ಡರಿನಲ್ಲೇ ಇರಬೇಕು. ಕಚೇರಿ ಕೇಳಿದ್ದು ಇಷ್ಟೇ. ಬೇರೊಬ್ಬರ ಪರವಾಗಿ ಪ್ರೋಗ್ರಾಂ ಮೂಲಕ ಮೇಲ್ ಕಳಿಸುವವರೆಲ್ಲ ಹೆಚ್ಚುಕಡಿಮೆ ಕೇಳುವುದೂ ಇಷ್ಟನ್ನೇ.

ಸಮಸ್ಯೆ

ಪ್ರೋಗ್ರಾಂ ಕೂತಿದ್ದು ಬಾಡಿಗೆಗೆ ಪಡೆದ, ಹಲವರು ಹಂಚಿಕೊಂಡು ಬಳಸುವ ಸರ್ವರ್‌ನಲ್ಲಿ. ‘ಫ್ರಂ’ ಎಂಬಲ್ಲಿ ಪಾಲುದಾರರ ವಿಳಾಸ ಬರೆದು ಆ ಸರ್ವರ್‌ನಿಂದಲೇ ಮೇಲ್ ಹೊರಡುತ್ತಿತ್ತು. ಮೊದಲ ತಿಂಗಳೇ ಅರ್ಧಕ್ಕರ್ಧ ಮೇಲ್ ಕ್ಲೈಂಟ್‌ಗಳ ಸ್ಪ್ಯಾಮ್‌ಗೆ ಬಿತ್ತು. ನನ್ನನ್ನು ಕರೆದದ್ದು ಆಗ.

ಒಬ್ಬ ಕ್ಲೈಂಟ್‌ನ ಅನುಮತಿ ಪಡೆದು, ಅವರ ಜಿಮೇಲ್‌ನಲ್ಲಿ ಆ ಮೇಲ್‌ನ ‘ಶೋ ಒರಿಜಿನಲ್’ ತೆರೆದು ನೋಡಿದೆವು. ಮೇಲ್ಭಾಗದಲ್ಲಿ ಕಂಡದ್ದು: ಎಸ್‌ಪಿಎಫ್ ಪಾಸ್, ಡಿಕಿಮ್ ಇಲ್ಲ, ಡಿಮಾರ್ಕ್ ಫೇಲ್. ಮೇಲ್ ನಿಜವಾಗಿ ಆ ಡೊಮೈನ್‌ನಿಂದ (ವಿಳಾಸದಲ್ಲಿ @ ಆದಮೇಲಿನ ಹೆಸರು) ಬಂದಿದೆಯೇ ಎಂದು ನೋಡುವ ಪರೀಕ್ಷೆಗಳು ಇವು: ಎಸ್‌ಪಿಎಫ್ ನೋಡುವುದು ಕಳಿಸಿದ ಸರ್ವರ್‌ಗೆ ಅನುಮತಿ ಇದೆಯೇ ಎಂದು, ಡಿಕಿಮ್ ನೋಡುವುದು ಮೇಲ್‌ನ ಡಿಜಿಟಲ್ ಸಹಿಯನ್ನು. ಪ್ರೋಗ್ರಾಂ ಬರೆದವರು ತಲೆ ಕೆಡಿಸಿಕೊಂಡದ್ದು ಇಲ್ಲೇ. ಎಸ್‌ಪಿಎಫ್ ಪಾಸ್ ಆದಮೇಲೆ ಡಿಮಾರ್ಕ್ ಫೇಲ್ ಹೇಗಾಯಿತು?

ಅಂಚೆಯ ಪತ್ರದಲ್ಲಿ ಲಕೋಟೆಯ ಮೇಲಿನ ‘ಇಂದ’ ವಿಳಾಸ ಒಂದಿರಬಹುದು, ಒಳಗಿನ ಕಾಗದದ ಕೆಳಗಿರುವ ಸಹಿ ಇನ್ನೊಬ್ಬರದ್ದಾಗಿರಬಹುದು. ಮೇಲ್‌ನಲ್ಲೂ ಹಾಗೆಯೇ. ಸರ್ವರ್‌ಗಳು ತಮ್ಮತಮ್ಮಲ್ಲಿ ಹೇಳಿಕೊಳ್ಳುವ ‘ಮೇಲ್ ಫ್ರಂ’ ಎಂಬ ವಿಳಾಸ ಬೇರೆ. ಓದುವವರ ಕಣ್ಣಿಗೆ ಬೀಳುವ ‘ಫ್ರಂ’ ಬೇರೆ. 1982ರಲ್ಲಿ ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮ ಬರೆದಾಗ ಇವೆರಡೂ ಒಂದೇ ಇರಬೇಕೆಂದಾಗಲೀ, ನಿಜವೇ ಎಂದು ಪರೀಕ್ಷಿಸಬೇಕೆಂದಾಗಲೀ ಯಾರೂ ಕಟ್ಟು ಹಾಕಿರಲಿಲ್ಲ. ಎಸ್‌ಪಿಎಫ್ ನೋಡುವುದು ಮೊದಲನೆಯ ವಿಳಾಸವನ್ನು. ಅಲ್ಲಿದ್ದದ್ದು ಬಾಡಿಗೆ ಸರ್ವರ್‌ನ ಡೊಮೈನ್, ಆದ್ದರಿಂದ ಪಾಸ್. ಡಿಮಾರ್ಕ್ ಕೇಳುವುದು ಬೇರೆಯದೇ ಪ್ರಶ್ನೆ: ಓದುವವರಿಗೆ ಕಾಣುವ ‘ಫ್ರಂ’ನ ಡೊಮೈನಿಗೂ, ಎಸ್‌ಪಿಎಫ್ ಅಥವಾ ಡಿಕಿಮ್ ದೃಢಪಡಿಸಿದ ಡೊಮೈನಿಗೂ ತಾಳೆಯಾಗುತ್ತದೆಯೇ? ಇಲ್ಲಿ ಆಗುತ್ತಿರಲಿಲ್ಲ.

ಕಚೇರಿಯ ಡೊಮೈನ್‌ನಲ್ಲಿ ಡಿಮಾರ್ಕ್ ನೀತಿಯನ್ನು ‘ಕ್ವಾರಂಟೈನ್’ (ಫೇಲ್ ಆದದ್ದನ್ನು ಸ್ಪ್ಯಾಮ್‌ಗೆ ಹಾಕಿ) ಎಂದು ಇಟ್ಟಿದ್ದರು. ಅದಕ್ಕೂ ಕಾರಣವಿತ್ತು. ಒಂದೆರಡು ವರ್ಷದ ಹಿಂದೆ ಯಾರೋ ದೊಡ್ಡ ಸರ್ ಹೆಸರು, ವಿಳಾಸ ಹಾಕಿ, ‘ಫೀಸನ್ನು ಈ ಹೊಸ ಖಾತೆಗೆ ಹಾಕಿ’ ಎಂದು ಕ್ಲೈಂಟ್ ಒಬ್ಬರಿಗೆ ಮೇಲ್ ಕಳಿಸಿದ್ದರು. ಕ್ಲೈಂಟ್ ಫೋನ್ ಮಾಡಿ ಕೇಳಿದ್ದರಿಂದ ಹಣ ಉಳಿಯಿತು. ಆಮೇಲೆ ಕಚೇರಿಯ ಮೇಲ್ ನೋಡಿಕೊಳ್ಳುತ್ತಿದ್ದವರು ಸಂಸ್ಥೆಗಳಿಗಾಗಿ ಗೂಗಲ್ ಕೊಡುವ ಮೇಲ್ ಸೇವೆಯಾದ ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಡಿಕಿಮ್ ಕೀಲಿ ತಯಾರಿಸಿ, ಡೊಮೈನ್‌ನ ಸಾರ್ವಜನಿಕ ದಾಖಲೆಯಾದ ಡಿಎನ್‌ಎಸ್‌ಗೆ ಸೇರಿಸಿ, ಡಿಮಾರ್ಕ್ ಅನ್ನೂ ಬಿಗಿ ಮಾಡಿದ್ದರು.

ಮೊದಲ ತಿರುವು

‘ಆ ಡಿಮಾರ್ಕ್ ಸಾಲು ತೆಗೆದುಬಿಟ್ಟರೆ ಆಯ್ತಲ್ಲ?’ ಎಂಬ ಸಲಹೆ ಮೊದಲ ಸಭೆಯಲ್ಲೇ ಬಂತು. 3ಬಿ ಹತ್ತಿರ ಬಂದಿತ್ತು, ಎಲ್ಲರಿಗೂ ಅವಸರ. ತೆಗೆಯುವುದೂ ಎರಡು ನಿಮಿಷದ ಕೆಲಸ.

ನಾನು ಒಪ್ಪಲಿಲ್ಲ. ಕಾರಣವನ್ನು ಹಿರಿಯರಿಗೆ ಹೇಳಿದ್ದು ಹೀಗೆ: ಅವತ್ತು ಆ ವಂಚಕ ಮಾಡಿದ್ದು ನಿಮ್ಮ ವಿಳಾಸ ಬರೆದು ಬೇರೆ ಯಾವುದೋ ಸರ್ವರ್‌ನಿಂದ ಮೇಲ್ ಕಳಿಸಿದ್ದು. ಇವತ್ತು ನಮ್ಮ ಪ್ರೋಗ್ರಾಂ ಮಾಡುತ್ತಿರುವುದೂ ಅದನ್ನೇ. ಉದ್ದೇಶ ಬೇರೆ, ಆದರೆ ಮೇಲ್ ಪಡೆಯುವ ಸರ್ವರ್‌ಗೆ ಉದ್ದೇಶ ಕಾಣುವುದಿಲ್ಲ. ನಮ್ಮ ಪ್ರೋಗ್ರಾಂಗೆ ದಾರಿ ಬಿಡಲು ಬೇಲಿ ತೆಗೆದರೆ ಅವನಿಗೂ ದಾರಿಯಾಗುತ್ತದೆ. ಹಿರಿಯರಿಗೆ ತಕ್ಷಣ ಅರ್ಥವಾಯಿತು. ಆ ತಿಂಗಳ ಮಟ್ಟಿಗೆ ಸಿಬ್ಬಂದಿ ಕೂತು ಕೈಯಿಂದಲೇ ಮೇಲ್ ಕಳಿಸಿದರು, ಫೋನ್ ಮಾಡಿದರು. ಇಡೀ ಪ್ರಕರಣದಲ್ಲಿ ಅತ್ಯಂತ ಒಳ್ಳೆಯ ತೀರ್ಮಾನ ಇದೇ ಎಂದು ನಾನು ಈಗಲೂ ನಂಬುತ್ತೇನೆ. ಅವಸರದಲ್ಲಿ ತೆಗೆದ ರಕ್ಷಣೆಯನ್ನು ಆಮೇಲೆ ಯಾರೂ ನೆನಪಿಟ್ಟು ಮರಳಿ ಹಾಕುವುದಿಲ್ಲ.

ಏನೇನು ಪ್ರಯತ್ನಿಸಿದೆವು

ಬಾಡಿಗೆ ಸರ್ವರ್‌ನ ಐಪಿಯನ್ನು (ಇಂಟರ್ನೆಟ್ ವಿಳಾಸ) ಕಚೇರಿಯ ಎಸ್‌ಪಿಎಫ್‌ಗೆ ಸೇರಿಸುವುದನ್ನು ಪರಿಶೀಲಿಸಿ ಕೈಬಿಟ್ಟೆವು. ಆ ಸರ್ವರ್ ಹಂಚಿಕೆಯದು. ಅದರಲ್ಲಿರುವ ಅಪರಿಚಿತರಿಗೂ ನಮ್ಮ ಹೆಸರಿನಲ್ಲಿ ಕಳಿಸುವ ಅವಕಾಶ ಕೊಟ್ಟಂತಾಗುತ್ತಿತ್ತು. ಮೇಲಾಗಿ ಹಲವು ಕ್ಲೈಂಟ್‌ಗಳು ತಮ್ಮ ವ್ಯಾಪಾರದ ವಿಳಾಸಕ್ಕೆ ಬಂದ ಮೇಲ್ ತಾನಾಗಿಯೇ ಸ್ವಂತ ಜಿಮೇಲ್‌ಗೆ ಫಾರ್ವರ್ಡ್ ಆಗುವಂತೆ ಮಾಡಿಕೊಂಡಿರುತ್ತಾರೆ. ಫಾರ್ವರ್ಡ್ ಆದಾಗ ಐಪಿ ಬದಲಾಗಿ ಎಸ್‌ಪಿಎಫ್ ಮುರಿಯುತ್ತದೆ. ಒಕ್ಕಣೆ ಬದಲಾಗದಿದ್ದರೆ ಡಿಕಿಮ್ ಸಹಿ ಮಾತ್ರ ಉಳಿಯುತ್ತದೆ.

ನಂತರ ಕಚೇರಿಯ ಸಾಮಾನ್ಯ ಖಾತೆಯಿಂದ ಜಿಮೇಲ್‌ನ ಎಸ್‌ಎಂಟಿಪಿಗೆ ಲಾಗಿನ್ ಆಗಿ, ‘ಫ್ರಂ’ನಲ್ಲಿ ಪಾಲುದಾರರ ವಿಳಾಸ ಹಾಕಿ ಕಳಿಸಿ ನೋಡಿದರು. ಮೇಲ್ ಇನ್‌ಬಾಕ್ಸ್‌ಗೇ ಹೋಯಿತು, ಆದರೆ ಕಚೇರಿಯ ಹೆಸರಿನಲ್ಲಿ! ಆ ಖಾತೆಗೆ ಸೇರದ, ಅಲಿಯಾಸ್ (ಅದೇ ಖಾತೆ ಬಳಸಬಹುದಾದ ಇನ್ನೊಂದು ವಿಳಾಸ) ಆಗಿ ದೃಢಪಡಿಸದ ವಿಳಾಸವನ್ನು ‘ಫ್ರಂ’ನಲ್ಲಿ ಬರೆದರೆ ಜಿಮೇಲ್ ಅದನ್ನು ಅಳಿಸಿ, ಲಾಗಿನ್ ಆದವರ ವಿಳಾಸವನ್ನೇ ಬರೆಯುತ್ತದೆ. ಅಲಿಯಾಸ್ ಮಾಡಿಕೊಂಡರೆ ಪಾಲುದಾರರ ಹೆಸರೇನೋ ಉಳಿಯುತ್ತಿತ್ತು, ಆದರೆ ಪ್ರತಿಗಳೆಲ್ಲ ಕಚೇರಿ ಖಾತೆಯಲ್ಲಿ ಬೀಳುತ್ತಿದ್ದವು. ತಮ್ಮ ಹೆಸರಿನಲ್ಲಿ ಏನು ಹೋಯಿತೆಂದು ಪಾಲುದಾರರಿಗೇ ಗೊತ್ತಾಗುತ್ತಿರಲಿಲ್ಲ.

ಹಾಗಿದ್ದರೆ ‘ಸೆಂಡರ್’ ಎಂಬ ಸಾಲು ಏಕಿದೆ ಎಂದು ಕಿರಿಯ ಪಾಲುದಾರರು ಕೇಳಿದರು. ಪ್ರಶ್ನೆ ಸರಿಯಾಗಿತ್ತು. ಮೇಲ್‌ನ ಸ್ವರೂಪವನ್ನು ಹೇಳುವ 2008ರ ಆರ್‌ಎಫ್‌ಸಿ 5322 ಎಂಬ ಇಂಟರ್ನೆಟ್ ನಿಯಮಪತ್ರ ಕೊಡುವ ಉದಾಹರಣೆಯೇ ಇದು: ಕಾರ್ಯದರ್ಶಿಯೊಬ್ಬರು ಬೇರೊಬ್ಬರ ಪರವಾಗಿ ಮೇಲ್ ಕಳಿಸಿದರೆ ಬರೆದವರ ವಿಳಾಸ ‘ಫ್ರಂ’ನಲ್ಲಿ, ಕಾರ್ಯದರ್ಶಿಯದು ‘ಸೆಂಡರ್’ನಲ್ಲಿ. ಔಟ್‌ಲುಕ್‌ನಲ್ಲಿ ‘ಇಂಥವರ ಪರವಾಗಿ ಇಂಥವರು’ ಎಂದು ಕಾಣುವುದು ಇದರಿಂದಲೇ. ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ ಇದಕ್ಕಾಗಿ ಎರಡು ಬೇರೆ ಅನುಮತಿಗಳನ್ನೇ ಇಟ್ಟಿದೆ: ‘ಸೆಂಡ್ ಆಸ್’ ಕೊಟ್ಟರೆ ಕಳಿಸಿದವರ ಸುಳಿವೇ ಇರುವುದಿಲ್ಲ, ‘ಸೆಂಡ್ ಆನ್ ಬಿಹಾಫ್’ ಕೊಟ್ಟರೆ ಇಬ್ಬರ ಹೆಸರೂ ಕಾಣುತ್ತದೆ. ಆದರೆ ಡಿಮಾರ್ಕ್ ನೋಡುವುದು ‘ಫ್ರಂ’ ಒಂದನ್ನೇ. ಹೊರಗಿನ ಸರ್ವರ್‌ನಿಂದ ಕಳಿಸಿ, ‘ಸೆಂಡರ್’ನಲ್ಲಿ ಪ್ರಾಮಾಣಿಕವಾಗಿ ನಮ್ಮ ಹೆಸರು ಬರೆದ ಮಾತ್ರಕ್ಕೆ ಅಲ್ಲಿ ಪಾಸ್ ಆಗುವುದಿಲ್ಲ. 2014ರ ಏಪ್ರಿಲ್‌ನಲ್ಲಿ ಯಾಹೂ ತನ್ನ ಡಿಮಾರ್ಕ್ ನೀತಿಯನ್ನು ‘ರಿಜೆಕ್ಟ್’ ಮಾಡಿದಾಗ, ಸದಸ್ಯರ ಹೆಸರಿನಲ್ಲಿ ಮೇಲ್ ಹಂಚುತ್ತಿದ್ದ ಗುಂಪುಗಳೆಲ್ಲ ಏಕಾಏಕಿ ಕಂಗಾಲಾದದ್ದು ಇದೇ ಕಾರಣಕ್ಕೆ.

ಇಷ್ಟಾದ ಮೇಲೆ ಸಿಬ್ಬಂದಿಗೆ ಹೊಳೆದದ್ದು ಪ್ರೋಗ್ರಾಂಗಳಿಗೆಂದು ಗೂಗಲ್ ಕೊಡುವ ಆಪ್ ಪಾಸ್‌ವರ್ಡ್. ಹದಿನಾರು ಅಕ್ಷರದ ಆ ಪಾಸ್‌ವರ್ಡ್ ಅನ್ನು ಮೂವರಿಂದಲೂ ಪಡೆದು ಪ್ರೋಗ್ರಾಂನ ಫೈಲಿನಲ್ಲಿ ಬರೆದಿಟ್ಟರೆ, ಅವರವರ ಖಾತೆಯಿಂದಲೇ ಮೇಲ್ ಹೋಗುತ್ತದೆ. ಹಿರಿಯರು ಕೊಡಲು ತಯಾರಿದ್ದರು. ಮೇಡಂ ತಯಾರಿರಲಿಲ್ಲ.

“ಇದ್ರಿಂದ ನನ್ನ ಮೇಲ್ ಓದ್ಲಿಕ್ಕೂ ಆಗ್ತದಾ?” ಎಂದು ಕೇಳಿದರು. ಆಗುತ್ತದೆ ಎಂದೆ. ಅದೇ ಪಾಸ್‌ವರ್ಡ್ ಹಾಕಿ ಐಮ್ಯಾಪ್ ಮೂಲಕ ಇಡೀ ಇನ್‌ಬಾಕ್ಸ್ ಇಳಿಸಿಕೊಳ್ಳಬಹುದು.

“ಕಳಿಸ್ಲಿಕ್ಕೆ ಅನುಮತಿ ಕೇಳಿದ್ದು ನೀವು. ಓದ್ಲಿಕ್ಕೂ ಯಾಕೆ ಕೊಡ್ಬೇಕು ನಾನು?”

ಎರಡನೆಯ ತಿರುವು ಇದು. ಅಲ್ಲಿಯವರೆಗೆ ನಾವೆಲ್ಲ ಕೇಳುತ್ತಿದ್ದದ್ದು ಮೇಲ್ ಇನ್‌ಬಾಕ್ಸ್ ಮುಟ್ಟುತ್ತದೆಯೇ ಎಂದು. ಆಮೇಲೆ ಕೇಳತೊಡಗಿದ್ದು, ಮುಟ್ಟಿಸುವುದಕ್ಕೆ ಎಷ್ಟು ಅಧಿಕಾರ ಸಾಕು ಎಂದು. ಪಾಲುದಾರರ ಮೇಲ್ ಪೆಟ್ಟಿಗೆಯಲ್ಲಿ ಕ್ಲೈಂಟ್‌ಗಳ ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್, ಆಸ್ತಿ ಪಾಲಿನ ಕಾಗದ ಎಲ್ಲ ಇರುತ್ತವೆ. ‘ಬಿಲ್ಲು ಕಳಿಸಿ’ ಎನ್ನುವ ಪ್ರೋಗ್ರಾಂಗೆ ಅದರ ಬೀಗದ ಕೈ ಬೇಕಿಲ್ಲ.

ಮುಂದಿನ ಆಯ್ಕೆ ಸರ್ವಿಸ್ ಅಕೌಂಟ್, ಅಂದರೆ ಮನುಷ್ಯರದ್ದಲ್ಲದ, ಪ್ರೋಗ್ರಾಂನದ್ದೇ ಖಾತೆ. ವರ್ಕ್‌ಸ್ಪೇಸ್‌ನ ಸೂಪರ್ ಅಡ್ಮಿನ್ ಒಪ್ಪಿಗೆ ಕೊಟ್ಟರೆ, ‘ಡೊಮೈನ್‌ವೈಡ್ ಡೆಲಿಗೇಶನ್’ ಮೂಲಕ ಒಂದು ಪ್ರೋಗ್ರಾಂ ಆ ಡೊಮೈನ್‌ನ ಯಾರ ಪರವಾಗಿಯಾದರೂ ಕೆಲಸ ಮಾಡಬಹುದು. ಅನುಮತಿಯನ್ನು ‘ಜಿಮೇಲ್ ಡಾಟ್ ಸೆಂಡ್’ಗೆ ಮಾತ್ರ ಸೀಮಿತಗೊಳಿಸಿದರೆ ಕಳಿಸಬಹುದು, ಓದಲಾಗದು. ಮೇಡಂ ಪ್ರಶ್ನೆಗೆ ಇದು ಉತ್ತರವೇ ಆಗಿತ್ತು. ಆದರೆ ‘ಯಾರ ಪರವಾಗಿಯಾದರೂ’ ಎಂಬ ಮಾತು ನನ್ನನ್ನು ತಡೆಯಿತು. ಒಂದು ಕೀಲಿ ಫೈಲು ಸಿಕ್ಕವರು ಮೂವರು ಪಾಲುದಾರರ ಹೆಸರಿನಲ್ಲಿ ಮಾತ್ರವಲ್ಲ, ನಿನ್ನೆ ಸೇರಿದ ಆರ್ಟಿಕಲ್ ಹುಡುಗಿಯ ಹೆಸರಿನಲ್ಲೂ ಮೇಲ್ ಕಳಿಸಬಹುದು, ಆಕೆಯನ್ನು ಒಂದು ಮಾತೂ ಕೇಳದೆ. ಮೈಕ್ರೋಸಾಫ್ಟ್ 365ರಲ್ಲೂ ‘ಮೇಲ್ ಡಾಟ್ ಸೆಂಡ್’ ಎಂಬ ಅಪ್ಲಿಕೇಶನ್ ಅನುಮತಿ ಮೂಲತಃ ಇಡೀ ಸಂಸ್ಥೆಗೆ ಅನ್ವಯಿಸುತ್ತದೆ. ಇಂತಿಷ್ಟೇ ಪೆಟ್ಟಿಗೆಗಳಿಗೆ ಎಂದು ಎಕ್ಸ್‌ಚೇಂಜ್ ಕಡೆಯಿಂದ ಬೇರೆಯಾಗಿ ಕಟ್ಟು ಹಾಕಬೇಕು. ದೊಡ್ಡ ಸಂಸ್ಥೆಗಳಿಗೆ ಈ ದಾರಿ ಬೇಕಾಗಬಹುದು. ಮೂರು ಜನರಿಗೆ ಇದು ಬೇಡ.

ಕೊನೆಗೆ ಆರಿಸಿದ್ದು ಓಆಥ್, ಪಾಸ್‌ವರ್ಡ್ ಕೊಡದೆ ಸೀಮಿತ ಅನುಮತಿ ಕೊಡುವ ವಿಧಾನ. ಮೂವರೂ ತಮ್ಮ ತಮ್ಮ ಕಂಪ್ಯೂಟರ್‌ನಲ್ಲಿ ಲಾಗಿನ್ ಆಗಿ, ‘ನಿಮ್ಮ ಪರವಾಗಿ ಮೇಲ್ ಕಳಿಸುವುದು’ ಎಂಬ ಒಂದೇ ಅನುಮತಿಯನ್ನು ಓದಿ, ತಾವೇ ಒಪ್ಪಿಗೆ ಒತ್ತಿದರು. ಪ್ರೋಗ್ರಾಂ ಕೈಗೆ ಸಿಕ್ಕಿದ್ದು ಪಾಸ್‌ವರ್ಡ್ ಅಲ್ಲ, ಆ ಅನುಮತಿಯ ಡಿಜಿಟಲ್ ಚೀಟಿಯಾದ ಟೋಕನ್. ಬೇಡ ಅನ್ನಿಸಿದ ದಿನ ಗೂಗಲ್ ಖಾತೆಯ ಸೆಟ್ಟಿಂಗ್‌ಗೆ ಹೋಗಿ ಯಾರನ್ನೂ ಕೇಳದೆ ರದ್ದು ಮಾಡಬಹುದು. ಮೇಲ್ ಅವರ ಖಾತೆಯಿಂದಲೇ ಹೊರಡುವುದರಿಂದ ಡಿಕಿಮ್ ಸಹಿ ಕಚೇರಿಯ ಡೊಮೈನ್‌ನದ್ದೇ, ಪ್ರತಿ ಅವರ ಸೆಂಟ್ ಫೋಲ್ಡರಿನಲ್ಲೇ. ಮತ್ತೆ ‘ಶೋ ಒರಿಜಿನಲ್’ ತೆರೆದರೆ ಮೂರೂ ಪಾಸ್.

ಏನಾಯಿತು

ಒಂದು ವಾರ ಚೆನ್ನಾಗಿ ನಡೆದು ಪ್ರೋಗ್ರಾಂ ನಿಂತಿತು. ಅದರ ದಾಖಲೆಯಲ್ಲಿ (ಲಾಗ್) ‘ಇನ್‌ವ್ಯಾಲಿಡ್ ಗ್ರಾಂಟ್’, ಅಂದರೆ ಅನುಮತಿ ಅಮಾನ್ಯ. ಗೂಗಲ್ ಕ್ಲೌಡ್‌ನಲ್ಲಿ ಆಪ್ ನೋಂದಾಯಿಸುವಾಗ ‘ಎಕ್ಸ್‌ಟರ್ನಲ್’ ಎಂದು ಆರಿಸಿ, ಸ್ಥಿತಿಯನ್ನು ‘ಟೆಸ್ಟಿಂಗ್’ನಲ್ಲೇ ಬಿಟ್ಟಿದ್ದರು. ಹಾಗೆ ಬಿಟ್ಟ ಆಪ್‌ನ ರಿಫ್ರೆಶ್ ಟೋಕನ್ 7 ದಿನಕ್ಕೆ ಸಾಯುತ್ತದೆ. ಬಳಸುವವರೆಲ್ಲ ಒಂದೇ ಸಂಸ್ಥೆಯವರಾದ್ದರಿಂದ ‘ಇಂಟರ್ನಲ್’ ಮಾಡಿ, ಒಪ್ಪಿಗೆ ಮತ್ತೊಮ್ಮೆ ಪಡೆದದ್ದೇ ಸರಿಯಾಯಿತು.

ಎರಡನೆಯ ಸಲ ನಿಂತದ್ದು ಹಿರಿಯರು ಪಾಸ್‌ವರ್ಡ್ ಬದಲಿಸಿದಾಗ. ಜಿಮೇಲ್ ಅನುಮತಿ ಇರುವ ಟೋಕನ್‌ಗಳು ಪಾಸ್‌ವರ್ಡ್ ಬದಲಾದೊಡನೆ ರದ್ದಾಗುತ್ತವೆ. ಒಳ್ಳೆಯ ನಿಯಮವೇ, ಆದರೆ ಆದದ್ದು 3ಬಿ ವಾರದಲ್ಲಿ. ಹಿರಿಯರ ಕ್ಲೈಂಟ್‌ಗಳಿಗೆ ಎರಡು ದಿನ ಮೇಲ್ ಹೋಗಲಿಲ್ಲ, ಹೋಗಿಲ್ಲವೆಂದು ಯಾರಿಗೂ ತಿಳಿಯಲೂ ಇಲ್ಲ. ಮೇಲ್ ಹೋಗದಿದ್ದರೆ ಕಚೇರಿ ಖಾತೆಯಿಂದ ತಾನಾಗಿಯೇ ಕಳಿಸುವಂತೆ ಮಾಡೋಣ ಎಂದು ಪ್ರೋಗ್ರಾಂ ಬರೆದವರು ಹೇಳಿದರು. ಬೇಡ ಎಂದೆವು. ಒಪ್ಪಿಗೆ ರದ್ದಾಗಿರುವಾಗ ಪ್ರೋಗ್ರಾಂ ಬೇರೆ ದಾರಿ ಹುಡುಕಬಾರದು. ನಿಲ್ಲಬೇಕು, ನಿಂತಿದ್ದೇನೆ ಎಂದು ಕೂಗಿ ಹೇಳಬೇಕು. ಈಗ ಟೋಕನ್ ಕೆಟ್ಟರೆ ಆಯಾ ಪಾಲುದಾರರ ಫೋನಿಗೂ ಕಚೇರಿಯ ವ್ಯವಸ್ಥಾಪಕರಿಗೂ ತಕ್ಷಣ ಸಂದೇಶ ಹೋಗುತ್ತದೆ.

ಮೂರನೆಯ ತಿರುವಿಗೂ ತಂತ್ರಜ್ಞಾನಕ್ಕೂ ಸಂಬಂಧವಿರಲಿಲ್ಲ. ಎಲ್ಲ ಸರಿಯಾಗಿ ನಡೆಯುತ್ತಿದ್ದ ತಿಂಗಳ 18ನೇ ತಾರೀಕು, ಗೇರುಬೀಜ ಕಾರ್ಖಾನೆಯ ಯಜಮಾನರೊಬ್ಬರಿಗೆ ಮೇಡಂ ಹೆಸರಿನಲ್ಲಿ ಮೇಲ್ ಹೋಯಿತು: ‘ಪದೇ ಪದೇ ಕೇಳಿದರೂ ತಮ್ಮಿಂದ ದಾಖಲೆ ಬಂದಿಲ್ಲ. ತಡವಾದರೆ ಶುಲ್ಕಕ್ಕೆ ನಾವು ಜವಾಬ್ದಾರರಲ್ಲ.’ ಅವರು ದಾಖಲೆಗಳನ್ನು ವಾಟ್ಸಾಪ್‌ನಲ್ಲಿ ಸಿಬ್ಬಂದಿಗೆ ಆಗಲೇ ಕಳಿಸಿಯಾಗಿತ್ತು. ಎಕ್ಸೆಲ್ ಪಟ್ಟಿಯಲ್ಲಿ ಗುರುತು ಹಾಕಿರಲಿಲ್ಲ ಅಷ್ಟೇ. ಅವರ ಉತ್ತರ ನೇರ ಮೇಡಂಗೆ ಬಂತು: “ಮೇಡಂ, ಬಿಲ್ ಎಲ್ಲ ಸೋಮವಾರವೇ ನಿಮ್ಮ ಹುಡುಗನಿಗೆ ಕೊಟ್ಟಾಗಿದೆ. ಇಷ್ಟು ವರ್ಷದಲ್ಲಿ ನೀವು ಹೀಗೆ ಬರೆದದ್ದು ಇಲ್ಲ.”

ಮೇಡಂ ತಮ್ಮ ಸೆಂಟ್ ಫೋಲ್ಡರ್ ತೆರೆದರು. ತಾವು ಬರೆಯದ, ತಮ್ಮ ಬಾಯಲ್ಲಿ ಎಂದೂ ಬಾರದ ಮಾತು ತಮ್ಮ ಹೆಸರಿನ ಕೆಳಗಿತ್ತು. ಆ ಕೂಡಲೇ ಫೋನ್ ಮಾಡಿ ಕ್ಷಮೆ ಕೇಳಿದರು. ಯಜಮಾನರೂ ದೊಡ್ಡ ಮನಸ್ಸು ಮಾಡಿದರು. ಪ್ರತಿ ತಮ್ಮದೇ ಫೋಲ್ಡರಿನಲ್ಲಿ ಇದ್ದದ್ದರಿಂದ ಏನು ಹೋಗಿದೆಯೆಂದು ಮೇಡಂಗೆ ಒಂದೇ ನಿಮಿಷದಲ್ಲಿ ಗೊತ್ತಾಯಿತು. ಹಳೆಯ ಅಲಿಯಾಸ್ ಏರ್ಪಾಡಿನಲ್ಲಾಗಿದ್ದರೆ ‘ನಾನು ಅಂಥದ್ದೇನೂ ಬರೆದಿಲ್ಲವಲ್ಲ’ ಎಂದು ಉತ್ತರಿಸಿ, ಕ್ಲೈಂಟ್ ಎದುರು ಇನ್ನೊಂದು ಸುತ್ತು ಮುಜುಗರಪಡಬೇಕಾಗುತ್ತಿತ್ತು.

ಅವರು ಟೋಕನ್ ರದ್ದು ಮಾಡಲಿಲ್ಲ. ಆದರೆ ಮರುದಿನ ಎಲ್ಲರನ್ನೂ ಕೂರಿಸಿ ಕೇಳಿದ ಪ್ರಶ್ನೆ ಇಡೀ ವ್ಯವಸ್ಥೆಯನ್ನು ಬದಲಿಸಿತು: ಯಾವ ಮಾತನ್ನು ಪ್ರೋಗ್ರಾಂ ನನ್ನ ಹೆಸರಿನಲ್ಲಿ ಆಡಬಹುದು, ಯಾವುದನ್ನು ಆಡಬಾರದು?

ಈಗಿನ ಏರ್ಪಾಡು, ಅದರ ಹಿಂದಿನ ವಿಚಾರ

ಮೇಲ್‌ಗಳನ್ನು ಎರಡು ಬಗೆ ಮಾಡಿದೆವು. ‘11ಕ್ಕೆ ಕೊನೆಯ ದಿನ’ ಎಂಬಂಥ, ಎಲ್ಲರಿಗೂ ಒಂದೇ ಆದ ಸೂಚನೆಗಳು ಕಚೇರಿಯ ಖಾತೆಯಿಂದ, ಕಚೇರಿಯ ಹೆಸರಿನಲ್ಲೇ ಹೋಗುತ್ತವೆ. ‘ರಿಪ್ಲೈ ಟು’ (ಉತ್ತರ ಹೋಗುವ ವಿಳಾಸ) ಮಾತ್ರ ಆಯಾ ಪಾಲುದಾರರದು. ಯಾರ ವೇಷವೂ ಬೇಡದ ದಾರಿ ಇದು. ಬೇರೊಬ್ಬರ ಪರವಾಗಿ ಮೇಲ್ ಕಳಿಸಬೇಕು ಎಂದು ಕೇಳುವ ಬಹಳ ಜನರಿಗೆ ನಿಜವಾಗಿ ಬೇಕಿರುವುದು ಇಷ್ಟೇ ಎಂದು ನನ್ನ ಅನುಭವ. ಉತ್ತರ ಸರಿಯಾದವರಿಗೆ ತಲುಪಿದರೆ ಅವರ ಅಗತ್ಯ ಮುಗಿಯಿತು.

ಒಬ್ಬ ಕ್ಲೈಂಟ್‌ನ ಬಗ್ಗೆ ಏನನ್ನಾದರೂ ಹೇಳುವ ಮೇಲ್ — ‘ನಿಮ್ಮಿಂದ ಬಂದಿಲ್ಲ’, ‘ನಿಮ್ಮ ಲೆಕ್ಕದಲ್ಲಿ ವ್ಯತ್ಯಾಸವಿದೆ’ — ಪಾಲುದಾರರ ಹೆಸರಿನಲ್ಲೇ ಹೋಗುತ್ತದೆ, ಆದರೆ ಅವರು ನೋಡಿದ ಮೇಲೆ. ಇದಕ್ಕೆ ಎರಡು ವಿಧಾನ ಯೋಚಿಸಿದ್ದೆವು. ಪಾಲುದಾರರ ಡ್ರಾಫ್ಟ್ ಫೋಲ್ಡರಿಗೆ ಮೇಲ್ ಬರೆದಿಟ್ಟು ಅವರೇ ಕಳಿಸುವಂತೆ ಮಾಡುವುದು ಒಂದು. ಅದಕ್ಕೆ ಡ್ರಾಫ್ಟ್ ನಿರ್ವಹಿಸುವ ಹೆಚ್ಚಿನ ಅನುಮತಿ ಬೇಕು. ಅದು ಸಿಕ್ಕಿದರೆ ಪಾಲುದಾರರು ಅರ್ಧ ಬರೆದು ಬಿಟ್ಟ ಸ್ವಂತ ಪತ್ರಗಳೂ ಪ್ರೋಗ್ರಾಂಗೆ ಕಾಣುತ್ತವೆ. ಹಾಗಾಗಿ ಎರಡನೆಯದನ್ನು ಹಿಡಿದೆವು: ಬೆಳಿಗ್ಗೆ ಪ್ರೋಗ್ರಾಂ ಆ ದಿನದ ಪಟ್ಟಿಯನ್ನು ಒಂದು ಪುಟದಲ್ಲಿ ತೋರಿಸುತ್ತದೆ, ಪಾಲುದಾರರು ಮೊಬೈಲಿನಲ್ಲೇ ಓದಿ, ಬೇಕಾದಲ್ಲಿ ತಿದ್ದಿ, ಗುರುತು ಹಾಕುತ್ತಾರೆ. ಗುರುತು ಬಿದ್ದದ್ದು ಮಾತ್ರ ಹೋಗುತ್ತದೆ. ಅನುಮತಿ ಮೊದಲಿನಷ್ಟೇ, ‘ಸೆಂಡ್’ ಮಾತ್ರ. ಯಾವ ಮೇಲ್, ಯಾರು ಯಾವಾಗ ಒಪ್ಪಿದರು, ಅದರ ಮೆಸೇಜ್ ಐಡಿ ಏನು ಎಂಬುದು ಒಂದು ಕಡತದಲ್ಲಿ ಉಳಿಯುತ್ತದೆ. ಹಿರಿಯರು ಮೊದಲು ಗೊಣಗಿದರು, ಸಮಯವಿಲ್ಲವೆಂದು. ಕೆಲವೇ ದಿನಗಳಲ್ಲಿ ಪಟ್ಟಿಯಲ್ಲಿ ತಪ್ಪು ಹಿಡಿಯತೊಡಗಿದವರೂ ಅವರೇ. ಯಾವ ಅಂಗಡಿಯವರ ಮನೆಯಲ್ಲಿ ಸಾವಾಗಿದೆ, ಯಾರಿಗೆ ಈ ವಾರ ಮೇಲ್ ಕಳಿಸಬಾರದು ಎಂಬುದು ಯಾವ ಎಕ್ಸೆಲ್‌ನಲ್ಲೂ ಇರುವುದಿಲ್ಲ, ಅವರ ತಲೆಯಲ್ಲಿರುತ್ತದೆ.

ಇಂಥದ್ದನ್ನು ಕಟ್ಟುವವರಿಗೆ ಈ ಪ್ರಕರಣದಿಂದ ನಾನು ಒತ್ತಿ ಹೇಳುವುದು ಒಪ್ಪಿಗೆಯ ಬಗ್ಗೆ. ಸೂಪರ್ ಅಡ್ಮಿನ್ ಒಪ್ಪಿದರೆ ಯಂತ್ರ ಒಪ್ಪುತ್ತದೆ. ಹೆಸರಿನ ಒಡೆಯರು ಒಪ್ಪಿದ್ದಾರೆ ಎಂದಾಗುವುದಿಲ್ಲ. ಅವರು ಕಳಿಸಲು ಒಪ್ಪಿದರೂ ಪ್ರತಿಯೊಂದು ಮಾತಿಗೂ ಒಪ್ಪಿದ್ದಾರೆ ಎಂದಾಗುವುದಿಲ್ಲ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಪಾಸ್ ಆದ ಮೇಲ್ ಕೂಡ, ಆ ಗೇರುಬೀಜದ ಯಜಮಾನರ ವಿಷಯದಲ್ಲಿ ಆದ ಹಾಗೆ, ಆಡಬಾರದ ಮಾತನ್ನು ಆಡಿರಬಹುದು. ಅಡಿಪಾಯದ ಕೆಲಸವನ್ನೂ ಬಿಡುವಂತಿಲ್ಲ: 2024ರ ಫೆಬ್ರವರಿಯಿಂದ ಜಿಮೇಲ್ ತನ್ನ ಖಾತೆಗಳಿಗೆ ಮೇಲ್ ಕಳಿಸುವ ಎಲ್ಲರಿಂದಲೂ ಎಸ್‌ಪಿಎಫ್ ಅಥವಾ ಡಿಕಿಮ್ ಕೇಳುತ್ತದೆ, ದಿನಕ್ಕೆ 5000 ಮುಟ್ಟುವವರಿಂದ ಎರಡನ್ನೂ, ಜೊತೆಗೆ ಡಿಮಾರ್ಕ್ ಅನ್ನೂ ಕೇಳುತ್ತದೆ.

ಒಂದು ವಿಷಯ ಇನ್ನೂ ಚರ್ಚೆಯಲ್ಲಿದೆ. ಹಿರಿಯರು ಸ್ವಲ್ಪ ಕಾಲದಲ್ಲೇ ನಿವೃತ್ತರಾಗುತ್ತಾರೆ. ಕ್ಲೈಂಟ್‌ಗಳಿಗೆ ಆಪ್ತವಾದ ಅವರ ವಿಳಾಸದಿಂದಲೇ ಇನ್ನೂ ಒಂದು ವರ್ಷ ಮೇಲ್ ಹೋಗುತ್ತಿರಲಿ ಎಂಬುದು ಕಿರಿಯ ಪಾಲುದಾರರ ಆಸೆ. ಹಿರಿಯರೂ ಬೇಡ ಎಂದಿಲ್ಲ. ಮೇಡಂ ಒಪ್ಪಿಲ್ಲ, ನಾನೂ ಅವರ ಪರ. ಸದ್ಯಕ್ಕೆ ಆಗಿರುವ ತೀರ್ಮಾನ ಇಷ್ಟು: ನಿವೃತ್ತಿಯ ಮೂರು ತಿಂಗಳ ಮುಂಚೆಯೇ ಹಿರಿಯರು ತಮ್ಮ ಕೈಯಾರೆ ಬರೆದ ಮೇಲ್‌ನಲ್ಲಿ, ಮುಂದೆ ಯಾರನ್ನು ಸಂಪರ್ಕಿಸಬೇಕೆಂದು ಕ್ಲೈಂಟ್‌ಗಳಿಗೆ ತಿಳಿಸುತ್ತಾರೆ. ಕೊನೆಯ ದಿನ ಅವರ ಟೋಕನ್ ರದ್ದಾಗುತ್ತದೆ. ವಿಳಾಸಕ್ಕೆ ಬರುವ ಮೇಲ್ ಒಂದು ವರ್ಷ ಮೇಡಂಗೆ ತಲುಪುತ್ತಿರುತ್ತದೆ. ಅದರಿಂದ ಹೊರಗೆ ಮಾತ್ರ ಏನೂ ಹೋಗುವುದಿಲ್ಲ.